ಉಗುರುಬಣ್ಣದ ಗೆರೆ

ಅರವತ್ತರ ಹತ್ತಿರ ಬಂದ ಗಂಡಸೊಬ್ಬ ಫ್ಯಾನ್ಸಿ ಅಂಗಡಿಗೆ ಹೋಗಿ, ಗಾಜಿನ ಕಪಾಟಿನ ಮುಂದೆ ಬಗ್ಗಿ, ಬೇಗ ಒಣಗುವ ಕೆಂಪು ಉಗುರುಬಣ್ಣ ಇದೆಯೇ ಎಂದು ಕೇಳಿದರೆ ಅಂಗಡಿಯವಳಿಗೆ ನಗು ಬರದೆ ಇದ್ದೀತೆ? ಹೆಂಡತಿಗಿರಬೇಕು ಎಂದು ಅವಳು ಮೊದಲು ತಿಳಿದಳು. ಆ ಹೆಂಡತಿಯೇ ಒಂದು ದಿನ ಹೊಲಿಗೆ ದಾರ ಕೊಳ್ಳಲು ಬಂದಾಗ ಕದ್ದು ಬೆರಳು ನೋಡಿದಳು. ಬಣ್ಣದ ಸುಳಿವೂ ಇಲ್ಲ. ಆಮೇಲೆ ಏನೆಂದುಕೊಂಡಳೋ ದೇವರೇ ಬಲ್ಲ, ಮೂರು ತಿಂಗಳಿಗೊಂದು ಸೀಸೆಯಂತೂ ತಪ್ಪದೆ ಮಾರಾಟವಾಗುತ್ತಿತ್ತು.

ಸೀಸೆ ಹೋಗುತ್ತಿದ್ದದ್ದು ಅರಣ್ಯ ಕಚೇರಿಯ ಹಿಂಭಾಗದಲ್ಲಿದ್ದ ಆಯುಧ ಕೋಣೆಗೆ. ಅಲ್ಲಿನ ಬಂದೂಕುಗಳನ್ನು ಬಿಚ್ಚುವುದು, ಒರೆಸುವುದು, ಸರಿಮಾಡುವುದು ಆ ಮನುಷ್ಯನ ಕೆಲಸ. ಬಂದೂಕಿನ ಒಂದೊಂದು ತಿರುಪನ್ನೂ ಬಿಗಿ ಮಾಡಿದ ಮೇಲೆ, ತಿರುಪಿನ ತಲೆಯಿಂದ ಪಕ್ಕದ ಲೋಹಕ್ಕೆ ಹಾಯುವಂತೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಕೆಂಪು ಗೆರೆ ಎಳೆಯುತ್ತಿದ್ದರು. ತಿರುಪು ಸಡಿಲಗೊಂಡು ಒಂದಿಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣಬೇಕು. ಮನುಷ್ಯ ಸುಳ್ಳು ಹೇಳಬಹುದು, ತಿರುಪು ಹೇಳುವುದಿಲ್ಲ ಎನ್ನುವುದು ಅವರ ಮಾತು. ಇಡೀ ಕಚೇರಿ ಅವರನ್ನು ಉಗುರುಬಣ್ಣದ ಮಾವ ಎಂದೇ ಕರೆಯುತ್ತಿತ್ತು. ಎದುರಿಗೆ ಬರೀ ಮಾವ.

ಕಚೇರಿಯ ಪಶುವೈದ್ಯೆ, ಎಲ್ಲರ ಡಾಕ್ಟರಮ್ಮ, ಅವರನ್ನು ಮೆಚ್ಚಿದ್ದು ಆ ಗೆರೆ ನೋಡಿಯೇ. ಕೆಲಸಕ್ಕೆ ಸೇರಿದ ವಾರ ಆಯುಧ ಕೋಣೆಗೆ ಕಾಲಿಟ್ಟಾಗ ಅವಳಿಗೆ ಆಪರೇಷನ್ ಕೋಣೆಗೆ ಬಂದಂತಾಗಿತ್ತು. ಗೋಡೆಯ ಮೇಲೆ ಒಂದೊಂದು ಹತ್ಯಾರಿಗೂ ಅದರದೇ ಆಕಾರದ ಗೆರೆ ಬರೆದಿತ್ತು. ಯಾವುದನ್ನು ತೆಗೆದರೂ ಅದರ ನೆರಳು ಗೋಡೆಯಲ್ಲೇ ಉಳಿಯುತ್ತಿತ್ತು. ಮೇಜಿನ ಇಕ್ಕಳದ ಬಾಯಿಗೆ ಹಳೆಯ ಬೆಲ್ಟಿನ ತೊಗಲು ಹೊದಿಸಿದ್ದರು, ಹಿಡಿದ ವಸ್ತುವಿಗೆ ಗೀರು ಬೀಳಬಾರದೆಂದು. ಆ ಕೋಣೆಯಲ್ಲಿ ಸರಿಮಾಡಿದ ವಸ್ತು ಸರಿಯಾಗಿಯೇ ಇರುತ್ತದೆ ಎಂದು ಅವಳು ನಂಬಿದ್ದಳು. ಕಳೆದ ನಾಲ್ಕು ತಿಂಗಳಿಂದ ಅವಳ ಕಷ್ಟಕ್ಕೆಲ್ಲ ಆ ನಂಬಿಕೆಯೇ ಮೂಲವಾಗಿತ್ತು.

ನಾಲ್ಕು ತಿಂಗಳ ಹಿಂದೆ ಒಂದು ಬೆಳಿಗ್ಗೆ ಹಿಟ್ಟಿನ ಗಿರಣಿಯ ಗೋದಾಮಿಗೆ ಕರಡಿ ನುಗ್ಗಿತ್ತು. ಅಂಥ ಹೊತ್ತಿನಲ್ಲಿ ಮತ್ತಿನ ಬಂದೂಕು ಹಿಡಿಯುವವಳು ಡಾಕ್ಟರಮ್ಮನೇ. ಆ ಬಂದೂಕು ಗುಂಡು ಹಾರಿಸುವುದಿಲ್ಲ, ಮದ್ದು ತುಂಬಿದ ಸೂಜಿ ಹಾರಿಸುತ್ತದೆ. ಸೂಜಿ ತೊಡೆಯ ಮಾಂಸಕ್ಕೆ ನಾಟಿದರೆ ಪ್ರಾಣಿ ಹತ್ತು ನಿಮಿಷದಲ್ಲಿ ಮಲಗುತ್ತದೆ. ಗುರಿ ಹಿಡಿಯುವುದಕ್ಕೆ ಬಂದೂಕಿನ ನೆತ್ತಿಯ ಮೇಲೆ ಸ್ಕೋಪ್ ಎಂಬ ಕೊಳವೆ ಇರುತ್ತದೆ. ಅದರೊಳಗೆ ಕಣ್ಣಿಟ್ಟರೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ. ಎರಡೂ ಕೂಡುವ ಕಡೆ ಸೂಜಿ ಹೋಗಿ ನಾಟಬೇಕು. ಅವಳು ಇಪ್ಪತ್ತು ಹೆಜ್ಜೆಯಿಂದ ಹಾರಿಸಿದಳು. ಸೂಜಿ ಒಂದು ಗೇಣು ಮೇಲೆ ಹೋಗಿ ಸೊಂಟದ ಮೂಳೆಗೆ ತಗಲಿ ಕೆಳಕ್ಕೆ ಬಿತ್ತು. ನೊಂದ ಕರಡಿ ಬಾಗಿಲಿಗೆ ನುಗ್ಗಿತು. ಬಾಗಿಲಲ್ಲಿದ್ದವನು ಕಚೇರಿಯ ಡ್ರೈವರ್. ಅವನ ತೊಡೆಯ ಮೂಳೆ ಎರಡು ಕಡೆ ಮುರಿಯಿತು. ಅವಳು ಬಂದೂಕನ್ನು ಅಲ್ಲೇ ಕೈಬಿಟ್ಟು ಅವನ ಬಳಿಗೆ ಓಡಿದಳು.

ವಿಚಾರಣೆಯಲ್ಲಿ ಅವಳು, ಆ ದಿನ ಗಾಜು ಸ್ವಲ್ಪ ಮಂಜಾಗಿತ್ತು, ಸ್ಕೋಪ್ ಸರಿ ಇತ್ತೋ ಇಲ್ಲವೋ ಎಂದಳು. ಸಾಹೇಬರು ಆಯುಧ ಕೋಣೆಯ ಪುಸ್ತಕ ತರಿಸಿದರು. ಪ್ರತಿ ತಿಂಗಳ ಒಂದನೇ ತಾರೀಕಿಗೂ ಮಾವನ ಗುಂಡಗಿನ ಅಕ್ಷರದಲ್ಲಿ ‘ನೋಡಿದೆ’ ಎಂದಿತ್ತು. ತಿರುಪುಗಳ ಮೇಲಿನ ಕೆಂಪು ಗೆರೆಗಳೂ ತುಂಡಾಗಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಯಾರೋ ಹಿಂದಿನ ಸಾಲಿನಲ್ಲಿ ಗೊಣಗಿದರು, ಒಂದಿಬ್ಬರು ನಕ್ಕರು. ಕೈ ನಡುಗಿದ್ದರಿಂದ ಗುರಿ ತಪ್ಪಿದೆ ಎಂದು ವರದಿಯಾಯಿತು. ಮಾವನ ಗೆರೆಗಿಂತ ತನ್ನ ಕೈಯನ್ನು ಹೆಚ್ಚು ನಂಬುವುದು ಅವಳಿಂದಲೂ ಆಗಲಿಲ್ಲ. ಅಂದಿನಿಂದ ಬಂದೂಕು ಮುಟ್ಟಲಿಲ್ಲ. ಡ್ರೈವರ್ ಕೋಲೂರಿಕೊಂಡು ಕಾರಿಡಾರಿನಲ್ಲಿ ಬರುವ ಸದ್ದು ಕೇಳಿದರೆ ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೊನೆಗೆ, ತನ್ನನ್ನು ಬಂದೂಕಿನ ಕೆಲಸದಿಂದ ಶಾಶ್ವತವಾಗಿ ಬಿಡಿಸಿ ದನದ ಆಸ್ಪತ್ರೆಗೆ ಹಾಕಬೇಕೆಂದು ಪತ್ರ ಬರೆದು ಸಾಹೇಬರಿಗೆ ಕೊಟ್ಟಳು.

ಪತ್ರ ಕೊಟ್ಟ ಮರುದಿನ ಮಾವ ಅವಳ ಕೋಣೆಗೆ ಬಂದರು. ಹಳೆಯ ಸ್ಕೋಪ್ ತೆಗೆದು ಹೊಸದು ಹಾಕಲು ಮಂಜೂರಾಗಿದೆ, ಮೂರು ಸ್ಕೋಪುಗಳು ಪರೀಕ್ಷೆಗೆಂದು ಬಂದಿವೆ, ಒಂದು ವಾರ ದಿನಕ್ಕೆ ಒಂದು ಗಂಟೆ ಬಂದು ಕೂತುಕೊಳ್ಳಬೇಕು ಎಂದು ಕೇಳಿದರು. ತನಗೂ ಬಂದೂಕಿಗೂ ಇನ್ನು ಸಂಬಂಧವಿಲ್ಲ ಎಂದಳು ಅವಳು.

"ಹಾರಿಸೋದು ಬೇಡ ಡಾಕ್ಟರಮ್ಮ. ನೋಡಿ ಹೇಳಿ, ಅಷ್ಟು ಸಾಕು. ಆಮೇಲೆ ದನದ ಆಸ್ಪತ್ರೆಗೆ ನಾನೇ ನಿಮ್ಮ ಪೆಟ್ಟಿಗೆ ಹೊತ್ಕೊಂಡು ಬರ್ತೀನಿ."

ಹಿರಿಯರು ಕೇಳಿದ್ದಕ್ಕೆ ಇಲ್ಲ ಎನ್ನಲಾಗದೆ ಹೋದಳು.

ಮೂರು ಸ್ಕೋಪುಗಳಿಗೂ ಮಾವ ಆಗಲೇ ಹೆಸರಿಟ್ಟಾಗಿತ್ತು. ತೆಳ್ಳಗೆ, ಮಿರಮಿರ ಮಿಂಚುವುದು ಮದುಮಗ. ಹನ್ನೆರಡು ಪಟ್ಟು ಹತ್ತಿರ ತೋರಿಸುವ ಉದ್ದ ಕೊಳವೆ ಜ್ಯೋತಿಷಿ. ಏಕೆಂದರೆ ಅವನಿಗೂ ದೂರದ್ದೆಲ್ಲ ಕಾಣುತ್ತದೆ, ಕಾಲಡಿಯ ಗುಂಡಿ ಕಾಣುವುದಿಲ್ಲ. ಮೂರನೆಯದು ಮೋಟುಮೋಟಾಗಿ, ಕಪ್ಪಗೆ, ಕೈಗೆ ಭಾರವಾಗಿತ್ತು. ಅದು ಕತ್ತೆ. ಕತ್ತೆ ಒಂದು ಪಟ್ಟಿನಿಂದ ನಾಲ್ಕು ಪಟ್ಟಿನವರೆಗೆ ಮಾತ್ರ ತೋರಿಸುತ್ತಿತ್ತು. ಹಿಂಬದಿಯ ಬಳೆ ತಿರುಗಿಸಿದರೆ ಹೆಚ್ಚುಕಮ್ಮಿಯಾಗುತ್ತಿತ್ತು.

ಸಾಹೇಬರಿಗೆ ಆಗಲೇ ಜ್ಯೋತಿಷಿಯ ಮೇಲೆ ಮನಸ್ಸಾಗಿತ್ತು. ಕಿಟಕಿಯಿಂದ ನೋಡಿ, ಅರ್ಧ ಮೈಲಿ ಆಚೆಯ ನೀರಿನ ಟ್ಯಾಂಕಿನ ಮೇಲೆ ಬರೆದಿದ್ದನ್ನು ಗಟ್ಟಿಯಾಗಿ ಓದಿದ್ದರು. ಕರಡಿಯ ಮೈಮೇಲೆ ಅಕ್ಷರ ಬರೆದಿರುವುದಿಲ್ಲವಲ್ಲ ಎಂದು ಮಾವ ಅವಳಿಗೆ ಮಾತ್ರ ಕೇಳುವಂತೆ ಹೇಳಿದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವಳಿಗೆ ನಗು ಬಂತು.

ಆ ವಾರ ಅವಳು ಕಂಡದ್ದು ಒಬ್ಬ ಮನುಷ್ಯ ತನ್ನ ಕೆಲಸವನ್ನು ಎಷ್ಟು ತಿಳಿದಿರಬಹುದು ಎಂಬುದನ್ನು. ಮಾವ ಮೂರನ್ನೂ ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರು. ಮದುಮಗನ ಕುತ್ತಿಗೆಯಿಂದ ಸಾಸಿವೆ ಕಾಳಿನಂಥ ಗುಳ್ಳೆಗಳು ಸಾಲಾಗಿ ಎದ್ದವು. ಒಳಗಿನ ಗಾಳಿ ಹೊರಗೆ ಬರುತ್ತದೆಂದರೆ ಹೊರಗಿನ ತೇವವೂ ಒಳಗೆ ಹೋಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಅದನ್ನು ಒರೆಸಿ ಡಬ್ಬಿಗೆ ಹಾಕಿದರು. ಉಳಿದೆರಡನ್ನು ಗೋಣಿಚೀಲದಲ್ಲಿ ಸುತ್ತಿ ಎರಡು ದಿನ ಜೀಪಿನ ನೆಲದ ಮೇಲೆ ಹಾಕಿ ಕಲ್ಲುಗಣಿಯ ರಸ್ತೆಯಲ್ಲಿ ಓಡಾಡಿಸಿದರು. ಸ್ಕೋಪ್ ಸಾಯುವುದು ಕಾಡಿನಲ್ಲಲ್ಲ, ಜೀಪಿನಲ್ಲಿ ಎನ್ನುತ್ತಿದ್ದರು. ಆಮೇಲೆ ಒಂದೊಂದನ್ನೂ ಇಕ್ಕಳಕ್ಕೆ ಕಚ್ಚಿಸಿ, ಎದುರು ಗೋಡೆಗೆ ಚೌಕುಳಿ ಕಾಗದ ಅಂಟಿಸಿ, ರಬ್ಬರಿನ ಸುತ್ತಿಗೆಯಿಂದ ಎಲ್ಲ ಕಡೆಯಿಂದಲೂ ತಟ್ಟಿದರು. ತಟ್ಟಿದಾಗಲೆಲ್ಲ ಕೂಡುಗೆರೆ ಜಾಗ ಬಿಟ್ಟಿತೇ ಎಂದು ಕೇಳಿದರು. ಅವಳು ಕಣ್ಣಿಟ್ಟು, ಇಲ್ಲ ಎಂದಳು. ಗುರಿ ಸರಿಪಡಿಸುವ ಗುಂಡಿಯನ್ನು ನಲವತ್ತು ಟಿಕ್ಕು ಮೇಲಕ್ಕೆ, ನಲವತ್ತು ಬಲಕ್ಕೆ, ನಲವತ್ತು ಕೆಳಕ್ಕೆ, ನಲವತ್ತು ಎಡಕ್ಕೆ ತಿರುಗಿಸಿ, ಹೊರಟ ಮನೆಗೇ ವಾಪಸು ಬಂತೇ ಎಂದು ಕೇಳಿದರು. ಎರಡೂ ಬಂದಿದ್ದವು.

ಟಿಕ್ಕುಗಳನ್ನು ಅವರು ಎಣಿಸುತ್ತಿದ್ದದ್ದು ಕಿವಿಯಿಂದ. ಸ್ಕೋಪನ್ನು ಬಂದೂಕಿಗೆ ಹಿಡಿದಿಡುವ ಉಂಗುರ ಸಮವಾಗಿ ಕೂತಿದೆಯೋ ಇಲ್ಲವೋ ಎಂಬುದನ್ನು ಹೆಬ್ಬೆರಳು ಹೇಳುತ್ತಿತ್ತು. ವಾರದ ಕೊನೆಗೆ ಅವಳಿಗೆ ಒಂದು ವಿಷಯ ತಟ್ಟಿತು: ಇಷ್ಟೆಲ್ಲ ಮಾಡಿದ ಮನುಷ್ಯ ಒಂದು ಸಲವೂ ಸ್ಕೋಪಿನೊಳಗೆ ಕಣ್ಣಿಟ್ಟಿರಲಿಲ್ಲ. ತನ್ನನ್ನು ಮತ್ತೆ ಬಂದೂಕಿನ ಹತ್ತಿರ ಎಳೆಯಲು ಹೂಡಿದ ಆಟವಿರಬೇಕೆಂದುಕೊಂಡಳು. ಅದಕ್ಕೂ ಅವರ ಮೇಲೆ ಅಭಿಮಾನವೇ ಬಂತು.

ಶುಕ್ರವಾರ ಸಾಹೇಬರ ಕೋಣೆಯಲ್ಲಿ ಸಭೆ. ಮೇಜಿನ ಒಂದು ಮೂಲೆಯಲ್ಲಿ, ಗಾಜಿನ ಗುಂಡಿನ ಕೆಳಗೆ ಅವಳ ಪತ್ರ ಸಹಿಗೆ ಕಾದಿತ್ತು. ಡ್ರೈವರ್ ಗೋಡೆಗೆ ಕೋಲು ಒರಗಿಸಿ ಬೆಂಚಿನ ಮೇಲೆ ಕೂತಿದ್ದ. ಸಾಹೇಬರು ಜ್ಯೋತಿಷಿಯ ಗುಣಗಾನ ಶುರುಮಾಡಿದರು. ಮಾವ ಅಡ್ಡ ಮಾತಾಡದೆ ಅಂಗಳಕ್ಕೆ ಇಳಿದು, ಇಪ್ಪತ್ತು ಹೆಜ್ಜೆ ಆಚೆ ನಿಂತು, ತನ್ನನ್ನು ಅದರೊಳಗಿಂದ ಹುಡುಕುವಂತೆ ಕೇಳಿಕೊಂಡರು. ಸಾಹೇಬರಿಗೆ ಮೊದಲು ಗೋಡೆ ಸಿಕ್ಕಿತು, ಆಮೇಲೆ ಬೇಲಿಯ ತಂತಿ, ಆಮೇಲೆ ಯಾವುದೋ ಒಂದು ಅಂಗಿಯ ಗುಂಡಿ. ಅದು ಮಾವನ ಗುಂಡಿಯೋ ತೋಟಗಾರನದೋ ತಿಳಿಯಲಿಲ್ಲ. ಕತ್ತೆಯನ್ನು ಒಂದು ಪಟ್ಟಿಗಿಟ್ಟು ನೋಡಿದಾಗ ಮಾವ ಅಡಿಯಿಂದ ಮುಡಿಯವರೆಗೆ ಸಿಕ್ಕಿದರು, ಅಕ್ಕಪಕ್ಕದಲ್ಲಿದ್ದವರೂ ಸಿಕ್ಕಿದರು, ಇನ್ನೊಂದು ಕಣ್ಣನ್ನು ಮುಚ್ಚುವ ಕೆಲಸವೂ ಇರಲಿಲ್ಲ. ಅಂಚಿನಲ್ಲಿ ಚಿತ್ರ ಸ್ವಲ್ಪ ಹಳದಿ ಹೊಡೆಯುತ್ತದೆ, ಕಾಲು ಕಿಲೋ ಭಾರ ಜಾಸ್ತಿ. ಅದರ ಕುಂದು ಇಷ್ಟೇ ಎಂದು ಮಾವ ತಾವಾಗಿಯೇ ಹೇಳಿದರು. ಸಾಹೇಬರು ಕತ್ತೆಗೆ ಸಹಿ ಹಾಕಿ, ಅದೇ ಲೇಖನಿ ಹಿಡಿದು ಡಾಕ್ಟರಮ್ಮನ ಪತ್ರವನ್ನೂ ಮುಂದಕ್ಕೆ ಎಳೆದುಕೊಂಡರು.

ಆಗ ಮಾವ ಚೀಲದಿಂದ ಬಟ್ಟೆ ಸುತ್ತಿದ ಇನ್ನೊಂದು ವಸ್ತು ತೆಗೆದರು. ಹಳೆಯ ಸ್ಕೋಪ್. ಇದನ್ನು ನೋಡದೆ ಆ ಕಾಗದಕ್ಕೆ ಸಹಿ ಹಾಕಬಾರದು ಎಂದರು.

"ತಿಂಗಳಿಗೊಂದ್ಸಲ ಇದರೊಳಗೆ ಕಣ್ಣಿಟ್ಟು, ಖಾಲಿ ಸೂಜಿ ಮೂರು ಹಾರಿಸಿ, ಆಮೇಲೆ ‘ನೋಡಿದೆ’ ಅಂತ ಬರೀಬೇಕು. ಕರಡಿ ಬರೋದಕ್ಕೆ ಮುಂಚೆ ಏಳು ತಿಂಗಳು ನಾನು ನೋಡಿಲ್ಲ ಸಾರ್. ಬರೆದಿದ್ದೀನಿ, ಅಷ್ಟೆ. ಬಲಗಣ್ಣಿಗೆ ಪೊರೆ ಬಂದಿದೆ, ಏನೂ ಕಾಣಲ್ಲ. ಎಡಗಣ್ಣು ಮೊದಲಿಂದ್ಲೂ ಮಬ್ಬು. ಹೇಳಿದ್ರೆ ಕೋಣೆ ಕೀಲಿ ಕಿತ್ಕೋತೀರಿ ಅಂತ ಭಯ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಇವರ ವಿಚಾರದಲ್ಲಿ ನಾನು ಆ ಕೋತಿ."

ಡಾಕ್ಟರಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾಯಿತು.

ಸಾಹೇಬರು ಸುಲಭಕ್ಕೆ ಬಿಡುವವರಲ್ಲ. ಮಾವ ಹೇಳಿದಂತೆ ಹಳೆಯದನ್ನು ಕಿಟಕಿಯ ಚೌಕಟ್ಟಿಗೆ ಒತ್ತಿ ಹಿಡಿದು, ಕಣ್ಣಿಟ್ಟು, ಬೆರಳ ಗೆಣ್ಣಿನಿಂದ ತಟ್ಟಿದರು. ಕೂಡುಗೆರೆ ಛಂಗನೆ ಹಾರಿ ಮೇಲೆ ಹೋಗಿ ಕೂತಿತು. ಆದರೂ ಅವರು, ಆ ದಿನ ಬಂದೂಕು ಕೆಳಗೆ ಬಿದ್ದಿತ್ತಲ್ಲ, ಆಗ ಮುರಿದಿರಬಹುದಲ್ಲ ಎಂದರು. ಹಾಗಿದ್ದರೆ ಗುರಿ ತಪ್ಪಿದ್ದು ಕೈಯಿಂದಲೇ ಆಗುತ್ತದೆ.

ಹೌದು ಎಂದರು ಮಾವ. ನಾಲ್ಕು ತಿಂಗಳು ತಾನು ಕಟ್ಟಿಕೊಂಡು ಮಲಗಿದ್ದ ನೆಪವೂ ಅದೇ. ನಿಜ ತಿಳಿಯಬೇಕಾದರೆ ಇದನ್ನು ಬಿಚ್ಚಬೇಕು, ಬಿಚ್ಚಿದರೆ ಮತ್ತೆ ಕೂಡಿಸಲಾಗದು. ಅದಕ್ಕಿಂತ ಹೆಚ್ಚಾಗಿ, ಒಳಗೆ ಏನು ಸಿಗುತ್ತದೋ ಎಂಬ ಹೆದರಿಕೆ. ಇಷ್ಟು ಹೇಳಿ ಬಟ್ಟೆ ಹಾಸಿ, ತಿರುಪುಳಿ ತೆಗೆದು, ಎಲ್ಲರ ಎದುರಿಗೇ ಕೂತರು. ಕಣ್ಣು ಗೋಡೆಯ ಕಡೆಗಿತ್ತು. ಕೆಲಸ ಮಾಡುತ್ತಿದ್ದದ್ದು ಬೆರಳುಗಳು. ಟೋಪಿಯಂಥ ಮುಚ್ಚಳ ಬಂತು, ಬಳೆ ಬಂತು, ಕೊನೆಗೆ ಚಿಮಟದ ತುದಿಯಲ್ಲಿ ಉಗುರಿನಷ್ಟು ಚಿಕ್ಕ ಸ್ಪ್ರಿಂಗಿನ ಎರಡು ತುಂಡು. ಕೂಡುಗೆರೆಯನ್ನು ಅದರ ಜಾಗದಲ್ಲಿ ಒತ್ತಿ ಹಿಡಿಯುವ ಸ್ಪ್ರಿಂಗ್ ಅದು. ಅವನ್ನು ಬಿಳಿ ಕಾಗದದ ಮೇಲಿಟ್ಟು ಡಾಕ್ಟರಮ್ಮನ ಕಡೆಗೆ ಸರಿಸಿದರು.

"ಮುರಿದ ತುದಿ ನೋಡಿ. ಇಷ್ಟು ದಿನ ಒಣ ಕಪಾಟಿನಲ್ಲಿತ್ತು. ಬಿದ್ದಾಗ ಮುರಿದಿದ್ರೆ ಹೊಳೀಬೇಕು. ಮುಂಚೆನೇ ತೇವ ಹೋಗಿ ಮುರಿದಿದ್ರೆ ತುಕ್ಕು ಇರಬೇಕು. ನನಗೆ ಕಾಣಲ್ಲ. ಏನಿದೆಯೋ ನೀವೇ ಹೇಳಿ."

ಅವಳು ಕೈಚೀಲದಿಂದ ಭೂತಗನ್ನಡಿ ತೆಗೆದಳು. ಒಂದು ಕ್ಷಣ ಅವಳಿಗೆ ಅದನ್ನು ನೋಡುವುದೇ ಬೇಡವೆನಿಸಿತು. ಹೊಳೆಯುತ್ತಿದ್ದರೆ ಅದನ್ನೂ ತನ್ನ ಬಾಯಿಂದಲೇ ಹೇಳಬೇಕಿತ್ತು. ಬಗ್ಗಿ ನೋಡಿದಳು. ಎರಡೂ ತುದಿಗಳು ಅಂಚಿನಿಂದ ನಡುವಿನವರೆಗೆ ಕಂದು ಹಿಡಿದಿದ್ದವು, ಪದರು ಪದರಾಗಿ. ಕಾಗದವನ್ನು ಸಾಹೇಬರಿಗೆ ಕೊಟ್ಟಳು. ಸಾಹೇಬರು ನೋಡಿ ಡ್ರೈವರಿಗೆ ಕೊಟ್ಟರು. ಡ್ರೈವರ್ ಬಹಳ ಹೊತ್ತು ನೋಡಿದ.

"ತುಕ್ಕು" ಎಂದ. "ನೆಲ ನಿಜವಾಗ್ಲೂ ಡೊಂಕಾಗಿತ್ತು, ಡಾಕ್ಟರಮ್ಮ."

ಅವಳು ಎದ್ದು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತು ಅತ್ತಳು. ಹಗುರಾಯಿತು ಎಂದು ಅತ್ತಳೋ ಕೋಪಕ್ಕೆ ಅತ್ತಳೋ ಅವಳಿಗೇ ಗೊತ್ತಾಗಲಿಲ್ಲ. ಅಳು ನಿಂತ ಮೇಲೆ ಉಳಿದದ್ದು ಕೋಪ. ನಾಲ್ಕು ತಿಂಗಳು ತನ್ನ ಕೈಯನ್ನೇ ಶಪಿಸುತ್ತಾ ಕೂತಿದ್ದಾಗ, ಈ ಮನುಷ್ಯ ದಿನಾ ಎದುರಿಗೆ ಬಂದು ನಮಸ್ಕಾರ ಹೇಳಿ ಹೋಗಿದ್ದರು. ಮೂರು ವಾರ ಅವಳು ಅವರ ಜೊತೆ ಮಾತಾಡಲಿಲ್ಲ.

ಡಾಕ್ಟರಮ್ಮನ ಪತ್ರ ಸಹಿಯಾಗದೆ ವಾಪಸು ಬಂತು. ಮಾವನ ಕೀಲಿ ಹೋಯಿತು. ನಿವೃತ್ತಿಗೆ ಎಂಟು ತಿಂಗಳಿದ್ದ ಮಾವನನ್ನು ಗೇಟಿನ ಬಳಿ ವಾಹನಗಳ ನಂಬರು ಬರೆಯುವ ಕೆಲಸಕ್ಕೆ ಹಾಕಿದರು. ಆಯುಧ ಕೋಣೆಯ ಪುಸ್ತಕದಲ್ಲಿ ಇನ್ನುಮುಂದೆ ಇಬ್ಬರು ಬರೆಯಬೇಕೆಂದು ಆಜ್ಞೆಯಾಯಿತು. ಒಂದು ಮಧ್ಯಾಹ್ನ ಮಾವನ ಹೆಂಡತಿ ಬೆಕ್ಕಿನ ಔಷಧಿಯ ನೆಪ ಮಾಡಿಕೊಂಡು ಡಾಕ್ಟರಮ್ಮನ ಕೋಣೆಗೆ ಬಂದಳು. ಬಟ್ಟೆ ಹೊಲಿದು ಮನೆಗೆ ಎರಡನೇ ಸಂಬಳ ತರುವ ಹೆಂಗಸು, ಮಾತು ನೆಟ್ಟಗೆ. ಗಂಡನ ಕಣ್ಣಿನ ವಿಷಯ ತನಗೆ ಒಂದು ವರ್ಷದ ಹಿಂದೆಯೇ ಗೊತ್ತಿತ್ತು, ಸೂಜಿಗೆ ದಾರ ಪೋಣಿಸಲು ಕೊಟ್ಟರೆ ದಾರ ಸರಿಯಿಲ್ಲ ಎಂದು ವಾಪಸು ಕೊಟ್ಟಿದ್ದರು ಎಂದಳು. ಮುಂದಿನ ವಾರ ಆಪರೇಷನ್. ಕ್ಷಮಿಸಿ ಎಂದು ಅವಳು ಕೇಳಲಿಲ್ಲ. ಬೆಕ್ಕಿನ ಔಷಧಿ ಮಾತ್ರ ಮರೆತು ಹೋದಳು.

ಅದರ ಮೂರನೆಯ ದಿನ ಬೆಳಗಿನ ಜಾವ ಹಣ್ಣಿನ ಮಾರುಕಟ್ಟೆಯ ಹಿಂದೆ ಕರಡಿ ಕಾಣಿಸಿತು. ಅದೇ ಕರಡಿ, ಸೊಂಟದ ಮೇಲೆ ಬೋಳು ಕಲೆಯಿತ್ತು. ಡಾಕ್ಟರಮ್ಮ ಬಂದೂಕು ತೆಗೆದುಕೊಂಡಳು. ಕತ್ತೆ ಅದರ ಮೇಲೆ ಗಟ್ಟಿಯಾಗಿ ಕೂತಿತ್ತು. ಕೀಲಿ ಕೊಡುವ ಹಿಂದಿನ ದಿನ ಮಾವ ಕೂರಿಸಿದ್ದು ಅದು, ಖಾಲಿ ಸೂಜಿ ಹಾರಿಸಿ ಗುರಿ ನೋಡಿದ್ದು ಸಾಹೇಬರು. ಖಾಲಿ ಪೆಟ್ಟಿಗೆಗಳ ರಾಶಿಯ ಆಚೆ ಕರಡಿ ಓರೆಯಾಗಿ ನಿಂತಿತ್ತು. ಬಳೆಯನ್ನು ನಾಲ್ಕಕ್ಕೆ ತಿರುಗಿಸಿ ಜೊತೆಗೆ ಮರಿ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ವಾಪಸು ಒಂದಕ್ಕೆ ತರಲು ಬಳೆಯನ್ನು ನೋಡಬೇಕಾಗಿಯೇ ಬರಲಿಲ್ಲ. ಹೆಬ್ಬೆರಳಿಗೆ ಏನೋ ಸಿಕ್ಕಿತು: ಒಂದು ಎಂಬ ಅಂಕಿಯ ನೇರಕ್ಕೆ ಸುತ್ತಿ ಗಂಟು ಹಾಕಿದ ದಪ್ಪ ಹೊಲಿಗೆ ದಾರ. ಕಣ್ಣಿನ ಸಹಾಯವಿಲ್ಲದೆ ಬದುಕಿದವರಿಗೆ ಮಾತ್ರ ಹೊಳೆಯುವ ಉಪಾಯ ಅದು. ಒಂದರಲ್ಲಿ ಇಡೀ ಜಾಗ ಕಂಡಿತು, ಚಿತ್ರದ ಹಳದಿ ಅಂಚಿನಲ್ಲಿ ಕೋಲೂರಿಕೊಂಡು ಬರುತ್ತಿದ್ದ ಡ್ರೈವರ್ ಸಹಿತ. ಬೇಡವೆಂದರೂ ಕೇಳದೆ ಬಂದಿದ್ದ. ಅವಳು ಕಣ್ಣು ತೆಗೆಯದೆ ಎಡಗೈ ಎತ್ತಿ ಹಿಂದಕ್ಕೆ ಎಂದು ಸನ್ನೆ ಮಾಡಿದಳು, ಅವನು ಪೂರ್ತಿ ಆಚೆ ಹೋಗುವವರೆಗೆ ಕಾದಳು, ಉಸಿರು ಬಿಟ್ಟಳು, ಹಾರಿಸಿದಳು. ಸೂಜಿ ತೊಡೆಯ ದಪ್ಪಕ್ಕೇ ನಾಟಿತು. ಒಂಬತ್ತು ನಿಮಿಷಕ್ಕೆ ಕರಡಿ ಮಲಗಿತು. ಅವಳ ಕೈ ಆಮೇಲೆ ನಡುಗಿತು, ಬೇಕಾದಷ್ಟು.

ಒಂದನೇ ತಾರೀಕು ಬಂತು. ಅವಳು ಮೂರು ಖಾಲಿ ಸೂಜಿ ಹಾರಿಸಿ, ತಿರುಪುಗಳನ್ನು ಬಿಗಿ ಮಾಡಿ, ಉಗುರುಬಣ್ಣದ ಸೀಸೆ ತೆಗೆದು ಗೆರೆ ಎಳೆದಳು. ಆಮೇಲೆ ಬಂದೂಕನ್ನೂ ಪುಸ್ತಕವನ್ನೂ ಎತ್ತಿಕೊಂಡು ನೇರ ಗೇಟಿಗೆ ಹೋದಳು. ಮಾವ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದರು. ಅವಳು ಬಂದದ್ದು ಕಂಡು ಎದ್ದು ನಿಂತರು, ಟೋಪಿ ಸರಿಮಾಡಿಕೊಂಡರು. ಅವಳು ಬಂದೂಕನ್ನು ಅವರ ಮೇಜಿನ ಮೇಲಿಟ್ಟಳು.

ಮಾವ ಉಂಗುರಗಳ ಮೇಲೆ ಹೆಬ್ಬೆರಳಾಡಿಸಿದರು. ಗುಂಡಿಗೆ ಕಿವಿಯಿಟ್ಟು ನಾಲ್ಕು ಟಿಕ್ಕು ತಿರುಗಿಸಿ ವಾಪಸು ತಂದರು. ತಿರುಪಿನ ತಲೆಯ ಮೇಲೆ ಉಗುರು ಎಳೆದು ನಿಂತರು.

"ಗೆರೆ ದಪ್ಪ ಆಯ್ತು ಡಾಕ್ಟರಮ್ಮ. ಇಷ್ಟು ದಪ್ಪ ಇದ್ರೆ ತಿರುಪು ತಿರುಗಿದ್ರೂ ಗೊತ್ತಾಗಲ್ಲ."

"ಒರೆಸಿ ಮತ್ತೆ ಹಾಕ್ತೀನಿ. ಎರಡನೇ ಸಹಿ ನಿಮ್ದು, ಮಾವ. ಸಾಹೇಬ್ರನ್ನ ಕೇಳಿದ್ದೀನಿ."

ಅವರು ಲೇಖನಿ ತೆಗೆದುಕೊಂಡರು. ಪುಸ್ತಕವನ್ನು ಎಡಗಣ್ಣಿನ ಹತ್ತಿರಕ್ಕೆ ಎತ್ತಿ ಹಿಡಿದು, ನಿಧಾನವಾಗಿ, ಅದೇ ಗುಂಡಗಿನ ಅಕ್ಷರದಲ್ಲಿ ಬರೆದರು: ‘ನೋಡಿಲ್ಲ. ಕೈಯಿಂದ ಮುಟ್ಟಿದ್ದೇನೆ. ಸರಿ ಇದೆ.’ ಅವಳು ಅದನ್ನು ಎರಡು ಸಲ ಓದಿದಳು. ಅದರ ಕೆಳಗೆ ‘ನೋಡಿದೆ’ ಎಂದು ಬರೆದು ತನ್ನ ಸಹಿ ಹಾಕಿದಳು.